ಸಂಜೆ ಅಡುಗೆಯ ಪಾಳಿ

"ನಿನ್ನೆ ಮಾಡಿದ್ದನ್ನೇ ಇವತ್ತೂ ಬಿಸಿ ಮಾಡಿ ಬಡಿಸ್ತೀಯಲ್ಲ, ನಾನೇನು ಬಸ್ ಸ್ಟ್ಯಾಂಡಿನ ನಾಯಿ ಅಂದ್ಕೊಂಡಿದೀಯಾ?"

"ನಾಯಿ ಆಗಿದ್ರೆ ಬಾಲನಾದ್ರೂ ಅಲ್ಲಾಡಿಸ್ತಿತ್ತು. ತಿನ್ನೋದಾದ್ರೆ ತಿನ್ನಿ, ಇಲ್ದಿದ್ರೆ ತಟ್ಟೆ ಎತ್ತಿಡ್ತೀನಿ."

"ಮಾತು ನೋಡು, ಮಾತು! ಸಂಜೆ ಅಡುಗೆ ಏನು ದೊಡ್ಡ ಬ್ರಹ್ಮವಿದ್ಯೇನಾ? ಹಗುರವಾಗಿ ಏನೋ ಒಂದು ಬೇಯಿಸಿ ಇಳಿಸಿದ್ರೆ ಮುಗೀತು. ನಾನಾಗಿದ್ರೆ ಶೂ ಬಿಚ್ಚೋಷ್ಟರಲ್ಲಿ ಮಾಡಿ ಮುಗಿಸ್ತಿದ್ದೆ."

ಹೆಂಡತಿ ಸೌಟನ್ನು ಮೇಜಿನ ಮೇಲೆ ಇಟ್ಟಳು. ಎಸೆದಿದ್ದರೆ ಪರವಾಗಿರಲಿಲ್ಲ. ಮೆಲ್ಲಗೆ ಇಟ್ಟಳು. ತಿಳಿವಳಿಕೆ ಇರುವ ಗಂಡ ಅಲ್ಲಿಗೇ ಬಾಯಿ ಮುಚ್ಚಿಕೊಂಡು ಸೂಪು ಕುಡಿಯುತ್ತಿದ್ದ. ಇವನು ಕುರ್ಚಿ ಹಿಂದಕ್ಕೆ ತಳ್ಳಿ ಎದೆ ಉಬ್ಬಿಸಿ ಕೂತ.

"ಮಾಡಿ ಹಾಗಾದ್ರೆ," ಅಂದಳು. "ಶುಕ್ರವಾರದ ಒಳಗೆ ಒಂದು ದಿನ, ಒಂದೇ ಒಂದು ದಿನ, ನಿಮ್ಮ ಕೈಯಾರೆ ಒಲೆ ಹಚ್ಚಿ, ನಿಮ್ಮ ಕೈಯಾರೆ ಬೇಯಿಸಿದ್ದನ್ನ ಈ ಮೇಜಿನ ಮೇಲೆ ನನ್ನ ಮುಂದೆ ತಂದಿಡಿ. ಉಪ್ಪಿರಲಿ, ಇಲ್ಲದಿರಲಿ, ಸೀದಿರಲಿ, ಬೇಡ ಅನ್ನದೆ ತಿಂತೀನಿ. ಇಲ್ಲಾಂದ್ರೆ ನಾನು ನಮ್ಮಕ್ಕನ ಮನೆಗೆ ಹೋಗ್ತೀನಿ. ಹೋದವಳು ತಿರುಗಿ ಬರಲ್ಲ, ಈಗಲೇ ಹೇಳಿದೀನಿ. ಅಲ್ಲೀವರೆಗೆ ಈ ಒಲೆ ನಾನು ಮುಟ್ಟಲ್ಲ."

"ಓಹೋ, ಶುಕ್ರವಾರ ಯಾಕೆ? ನಾಳೇನೇ ಮಾಡ್ತೀನಿ!"

ಅವಳು ನರ್ಸುಗಳ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಬೆಳಗಿನಿಂದ ಸಂಜೆಯವರೆಗೆ, ಒಳಗೆ ಇಳಿದು ತೊಳೆಯಬೇಕಾದಷ್ಟು ದೊಡ್ಡ ಹಂಡೆಗಳ ಮುಂದೆ ನಿಂತು ಬೇಯಿಸುವ ಹೆಂಗಸು. ಮನೆಗೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲಲು ಮೈಯಲ್ಲಿ ಕಸುವಿಲ್ಲದೆ, ರಜಾ ದಿನವಾದ ಭಾನುವಾರ ಬೇಳೆ, ಕ್ಯಾರೆಟ್, ಈರುಳ್ಳಿ, ಸೊಪ್ಪು ಹಾಕಿ ಒಂದು ದೊಡ್ಡ ಪಾತ್ರೆ ಸೂಪು ಮಾಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಹೊಟ್ಟೆಗೆ ಭಾರವಾಗದ, ಎಷ್ಟು ಸಲ ಬಿಸಿ ಮಾಡಿದರೂ ಕೆಡದ ಸೂಪು. ಎರಡನೆಯ ದಿನ ಮೊದಲ ದಿನಕ್ಕಿಂತ ರುಚಿ. ಇಬ್ಬರಿಗೆ ಮಾಡಲು ಆ ಕೈಗೆ ಬರುತ್ತಿರಲಿಲ್ಲ. ಮಾಡಿದರೆ ಒಂದು ದಂಡಿಗಾಗುವಷ್ಟು.

ಗಂಡ ಬಸ್ ಡಿಪೋದಲ್ಲಿ ಡ್ಯೂಟಿ ಗುಮಾಸ್ತ. ಯಾವ ಡ್ರೈವರ್ ಯಾವ ಪಾಳಿ, ಯಾವ ಬಸ್ಸು ಯಾವ ರೂಟು ಎಂದು ಹಂಚುವುದು ಅವನ ಕೆಲಸ. ಡ್ರೈವರುಗಳು ಅವನಿಗೆ ಪಾಳಿಯಪ್ಪ ಎಂದು ಹೆಸರಿಟ್ಟಿದ್ದರು. ತಾನು ಕೂತಲ್ಲಿಂದ ಏಳದೆ ಬೇರೆಯವರನ್ನು ಓಡಾಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಡಿಪೋದಲ್ಲಿ ಇರಲಿಲ್ಲ. ಒಂದು ರೂಟಿನ ಬಸ್ಸು ಕೆಟ್ಟು ನಿಂತರೆ, ಆಗ ತಾನೇ ಬೇರೆ ಊರಿಂದ ಬುಸುಗುಟ್ಟುತ್ತಾ ಬಂದ ಬಸ್ಸಿನ ಬೋರ್ಡು ಬದಲಾಯಿಸಿ ಹೊರಡಿಸಿಬಿಡುತ್ತಿದ್ದ. "ಪಾಳಿಯಪ್ನೋರೇ, ಇದು ಈಗ್ತಾನೆ ಬಂದಿದ್ದು, ಇಂಜಿನ್ ಸುಡ್ತಿದೆ!" ಎಂದು ಡ್ರೈವರ್ ಅಂಗಲಾಚಿದರೆ, "ಬಂದಿದ್ದು ಆ ಬಸ್ಸು. ಹೋಗೋದು ಈ ಬಸ್ಸು. ಬೋರ್ಡು ಓದೋಕೆ ಬರಲ್ವಾ?" ಎನ್ನುತ್ತಿದ್ದ. ಒಳಗೆ ಬಂದದ್ದು ಬೋರ್ಡು ಬದಲಾಯಿಸಿ ಹೊರಗೆ ಹೋದರೆ ಅದು ಹೊಸದು. ಇಷ್ಟೇ ಅವನು ಜೀವಮಾನದಲ್ಲಿ ಕಲಿತ ವಿದ್ಯೆ.

ಮಂಗಳವಾರ ಸಂಜೆ ಅವನು ಡಿಪೋದಿಂದ ಬಂದು ಒಲೆಯ ಮುಂದೆ ನಿಂತ. ಒಲೆಯೂ ಅವನ ಮುಂದೆ ನಿಂತಿತ್ತು. ಇಬ್ಬರಿಗೂ ಪರಿಚಯವಿರಲಿಲ್ಲ. ಯಾವ ಗುಂಡಿ ಯಾವ ಕಡೆ ತಿರುಗಿಸಬೇಕು ಎಂದು ಸ್ವಲ್ಪ ಹೊತ್ತು ನೋಡಿದ. ಒಂದು ಈರುಳ್ಳಿ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ ಬುಟ್ಟಿಗೇ ಹಾಕಿದ. ಸಾಮಾನ್ಯ ಮನುಷ್ಯನಾಗಿದ್ದರೆ ಇಲ್ಲಿ ಎರಡೇ ದಾರಿ: ಈರುಳ್ಳಿ ಹೆಚ್ಚುವುದು, ಇಲ್ಲವೇ ಹೆಂಡತಿಯ ಕಾಲು ಹಿಡಿಯುವುದು. ಪಾಳಿಯಪ್ಪ ಮೂರನೆಯ ದಾರಿ ಹುಡುಕಿದ. ಮೆಟ್ಟಿಲ ಬಳಿ ನಿಂತು, ಕಟ್ಟಡದ ಉಳಿದ ನಾಲ್ಕೂ ಮನೆಯವರನ್ನು ಕೂಗಿ ಕರೆದು ಸಭೆ ಸೇರಿಸಿದ. ಒಂದು ಪಾತ್ರೆ ಬೇಯಿಸಲು ಸೋಮಾರಿತನ, ಐದು ಮನೆ ಸಂಘಟಿಸಲು ಮೈತುಂಬಾ ಹುರುಪು! ಇಂಥವರು ಎಲ್ಲ ಕಟ್ಟಡಗಳಲ್ಲೂ ಇರುತ್ತಾರೆ, ಮತ್ತು ಅವರೇ ಎಲ್ಲ ಕಡೆ ಅಧ್ಯಕ್ಷರಾಗುತ್ತಾರೆ.

ಬಂದವರೂ ಅಂಥವರೇ. ಕೆಳಮನೆಯ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದ. ಅವನೂ ಹೆಂಡತಿಯೂ ಶಾಲೆಯ ಯೂನಿಫಾರಂ ಹೊಲಿಯುತ್ತಾ ಸಂಜೆಗೆ ಬಿಸ್ಕತ್ತು ತಿಂದು ಮಲಗುವ ಪೈಕಿ. ಮೇಲಿನ ಮನೆಯ ನಿವೃತ್ತ ಹೆಡ್ಮಾಸ್ತರು, ಹೆಂಡತಿ ಇಲ್ಲದವರು, ಬ್ರೆಡ್ಡನ್ನು ಹಾಲಲ್ಲಿ ಅದ್ದಿ ತಿಂದು ಜಗತ್ತನ್ನು ಬೈಯುವವರು. ಔಷಧಿ ಅಂಗಡಿಯವನು, ಎದೆಯುರಿಗೆ ತನ್ನ ಅಂಗಡಿಯ ಮಾತ್ರೆಯನ್ನೇ ಊಟ ಮಾಡಿಕೊಂಡವನು. ಕೊನೆಗೆ ವಿಮೆ ಅಮ್ಮ. ಆರೋಗ್ಯವೇ ಭಾಗ್ಯ ಎಂದು ಊರಿಗೆಲ್ಲ ಹೇಳಿ ವಿಮೆ ಮಾರಿ, ದಿನಾ ಸಂಜೆ ಹೋಟೆಲಿನಿಂದ ಎಣ್ಣೆ ಸೋರುವ ಪೊಟ್ಟಣ ತಂದು ಬಾಗಿಲು ಹಾಕಿಕೊಂಡು ತಿನ್ನುವ ಮಹಾತಾಯಿ.

"ನೋಡಿ," ಎಂದ ಪಾಳಿಯಪ್ಪ, ಎರಡು ಮೆಟ್ಟಿಲು ಮೇಲೆ ನಿಂತು. "ಐದು ಮನೆ. ಐದು ಒಲೆ. ದಿನಾ ಸಂಜೆ ಐದೂ ಉರೀಬೇಕಾ? ಒಂದು ಮನೇಲಿ ಮಾಡ್ಲಿ, ಹಗುರವಾಗಿ, ಮನೆ ಅಡುಗೆ. ಉಳಿದ ನಾಲ್ಕು ಮನೆಗೂ ಒಂದೊಂದು ಪಾತ್ರೆ ಕಳಿಸ್ಲಿ. ನಾವು ಕೆಲಸದಿಂದ ಬಂದು ಬಿಸಿ ಮಾಡ್ಕೊಂಡು ತಿನ್ನೋದು. ಮಾರನೇ ದಿನ ಇನ್ನೊಂದು ಮನೆ ಪಾಳಿ. ವಾರದಲ್ಲಿ ಒಂದೇ ದಿನ ಅಡುಗೆ, ಐದು ದಿನ ಊಟ!"

"ಭಲೇ!" ಎಂದರು ಹೆಡ್ಮಾಸ್ತರು. "ಇಷ್ಟು ವರ್ಷ ಈ ಬುದ್ಧಿ ಎಲ್ಲಿಟ್ಟಿದ್ರಿ?"

"ನನಗೆ ಕೊನೇ ಪಾಳಿ ಹಾಕಿ," ಎಂದ ಔಷಧಿಯವನು.

"ನನಗೂ ಕೊನೇದೇ ಇರ್ಲಿ," ಎಂದಳು ವಿಮೆ ಅಮ್ಮ.

"ಹೇಳಿದವರು ಮೊದಲು ಮಾಡಿ ತೋರಿಸ್ಬೇಕಪ್ಪ," ಎಂದ ದರ್ಜಿ, ಗುಂಡುಸೂಜಿಗಳ ನಡುವಿನಿಂದ. "ಇವತ್ತೇ ಶುರು ಮಾಡಿ. ನಮ್ಮನೇಲಿ ಬಿಸ್ಕತ್ತೂ ಮುಗಿದಿದೆ."

ಎಲ್ಲರೂ ಚಪ್ಪಾಳೆ ತಟ್ಟಿ ಅವರವರ ಮನೆಗೆ ಹೋಗಿ ಪಾತ್ರೆ ತೊಳೆದಿಟ್ಟುಕೊಂಡು ಕೂತರು.

ಪಾಳಿಯಪ್ಪ ಒಳಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದ. ಹೆಂಡತಿಯ ಭಾನುವಾರದ ಸೂಪು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಗಟ್ಟಿಯಾಗಿ, ಸೌಟು ನೆಟ್ಟರೆ ನಿಲ್ಲುವ ಹಾಗೆ. ಅವನು ಸುತ್ತ ನೋಡಿದ. ಯಾರೂ ಇರಲಿಲ್ಲ. ಪಾತ್ರೆಯನ್ನು ನಲ್ಲಿಯ ಕೆಳಗಿಟ್ಟು ತುಂಬಾ ನೀರು ಬಿಟ್ಟ, ಕಲಕಿದ, ತನಗೊಂದು ಡಬ್ಬಿ ಎತ್ತಿಟ್ಟುಕೊಂಡು ಉಳಿದದ್ದನ್ನು ನಾಲ್ಕು ಪಾತ್ರೆಗೆ ಹಂಚಿ, ಬೇರೆ ಮುಚ್ಚಳ ಮುಚ್ಚಿ, ಮನೆಮನೆಗೆ ಕೊಟ್ಟು ಬಂದ. ಒಲೆ ಹಚ್ಚಬೇಕಾಗಿಯೇ ಬರಲಿಲ್ಲ. ಬಿಸಿ ಮಾಡಿಕೊಳ್ಳುವುದು ಅವರ ಕೆಲಸ ತಾನೇ!

ಹೆಂಡತಿ ಹಾಸ್ಟೆಲ್ಲಿನಲ್ಲೇ ಊಟ ಮುಗಿಸಿ ಬಂದು, ಫ್ರಿಜ್ಜು ತೆಗೆದು ನೋಡಿದಳು. "ಪಾತ್ರೆ ಎಲ್ಲಿ?"

"ಅದಾ? ಹಳಸಿತ್ತು ಕಣೇ. ಚೆಲ್ಲಿ ತೊಳೆದಿಟ್ಟೆ."

"ನಾನು ಮಾಡಿದ್ದು ಹಳಸಿತ್ತಾ?"

"ಇನ್ನೇನು, ಮೂಗು ಮುಚ್ಕೊಂಡು ಚೆಲ್ಲಿದೆ! ಅಡುಗೆ ಬಗ್ಗೆ ನೀನು ಯೋಚಿಸ್ಬೇಡ. ನಾನು ವ್ಯವಸ್ಥೆ ಮಾಡಿದೀನಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. "ಶುಕ್ರವಾರ," ಎಂದಷ್ಟೇ ಹೇಳಿ ಕಾಲು ಚಾಚಿ ಕೂತಳು.

ಬುಧವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಹೊಗಳಿಕೆಯೋ ಹೊಗಳಿಕೆ. "ಏನು ಕೈರುಚಿ ರೀ ನಿಮ್ಮದು!" ಎಂದರು ಹೆಡ್ಮಾಸ್ತರು. "ರಾತ್ರಿ ಒಂದು ಮಾತ್ರೆ ಕಮ್ಮಿ ತಗೊಂಡೆ," ಎಂದ ಔಷಧಿಯವನು. ಪಾಳಿಯಪ್ಪನಲ್ಲಿ ಒಂದು ವಿಶೇಷ ಗುಣವಿತ್ತು. ಅವನು ಹೇಳಿದ ಸುಳ್ಳು ಒಂದು ರಾತ್ರಿ ಮಲಗೆದ್ದರೆ ಅವನಿಗೆ ನೆನಪಾಗಿ ಬದಲಾಗಿಬಿಡುತ್ತಿತ್ತು. ಡಿಪೋ ತಲುಪುವಷ್ಟರಲ್ಲಿ, ತಾನು ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದದ್ದು ಕೂಡ ಅವನಿಗೆ ಸ್ಪಷ್ಟವಾಗಿ ನೆನಪಿಗೆ ಬಂತು.

"ಬೇಳೆ ಹಾಕೋಕೆ ಒಂದು ಹದ ಇದೆ ಕಣ್ರಯ್ಯ," ಎಂದು ಡ್ರೈವರುಗಳಿಗೆ ಪಾಠ ಮಾಡಿದ. "ಎಲ್ಲರಿಗೂ ಬರಲ್ಲ."

ಆ ದಿನ ದರ್ಜಿಯ ಪಾಳಿ. ದರ್ಜಿಗೆ ಯೂನಿಫಾರಂ ಗಡುವು. ಹೆಂಡತಿ ಕಾಜಾ ಹಾಕುತ್ತಾ ಒಲೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ದರ್ಜಿ ಏನು ಮಾಡಿದ? ಪಾಳಿಯಪ್ಪ ಕಳಿಸಿದ್ದರಲ್ಲಿ ಉಳಿದದ್ದಕ್ಕೆ ಒಂದು ಬಿಂದಿಗೆ ನೀರು ಸುರಿದ, ಮನಸ್ಸಾಕ್ಷಿಗೆ ಇರಲಿ ಎಂದು ಒಂದು ಆಲೂಗಡ್ಡೆ ಹಾಕಿದ, ನಾಲ್ಕು ಮನೆಗೆ ಕಳಿಸಿದ. ಡಿಪೋದಲ್ಲಿ ಒಂದು ದಿನವೂ ಕೆಲಸ ಮಾಡದೆ ಬೋರ್ಡು ಬದಲಾಯಿಸುವ ವಿದ್ಯೆ ಅವನಿಗೆ ಹೇಗೆ ಬಂತು ಎಂದು ಕೇಳಬೇಡಿ. ಮೈಗಳ್ಳರಿಗೆ ಅದು ಹುಟ್ಟಿನಿಂದಲೇ ಬರುತ್ತದೆ.

ಪಾಳಿಯಪ್ಪ ತಣ್ಣಗಿದ್ದದ್ದನ್ನೇ ಒಂದು ಗುಟುಕು ಕುಡಿದವನೇ ಎದ್ದು ನಿಂತ. ಇದು ಗೊತ್ತಿರುವ ರುಚಿ! ಎಲ್ಲೋ ಚಿಕ್ಕಂದಿನಲ್ಲಿ ಕಂಡ ಹಾಗೆ, ದೂರದಿಂದ ಕರೆದ ಹಾಗೆ. "ಕಳ್ಳ ನನ್ಮಗ!" ಎಂದು ಕೂಗಿದ. "ನನ್ನ ಸೂಪನ್ನೇ ನಕಲು ಹೊಡೆದಿದಾನೆ!"

ಕೆಳಗೆ ಇಳಿದು ಹೋದ. "ಏನ್ರೀ ಟೈಲರ್, ನನ್ನ ಕೈರುಚಿ ಕದ್ರಾ?"

ದರ್ಜಿಯ ಜೀವ ಬಾಯಿಗೆ ಬಂತು. ಸಿಕ್ಕಿಬಿದ್ದೆ ಎಂದುಕೊಂಡ. "ಅಣ್ಣ, ಅದು... ಕೆಲಸ ಜಾಸ್ತಿ ಇತ್ತು..."

"ಹೆದರ್ಬೇಡಿ! ಒಳ್ಳೇದನ್ನ ನೋಡಿ ಕಲಿಯೋದು ತಪ್ಪಲ್ಲ. ಆದ್ರೆ ಬೇಳೆ ಹದ ನಿಮಗೆ ಕೂಡಿ ಬಂದಿಲ್ಲ. ಸ್ವಲ್ಪ ತೆಳು."

"ತೆಳು ಅಲ್ಲಣ್ಣ, ಹಗುರ," ಎಂದ ದರ್ಜಿ, ಜೀವ ಮತ್ತೆ ಒಳಗೆ ಹೋಗಿ. "ನೀವೇ ಅಲ್ವಾ ಹೇಳಿದ್ದು, ಸಂಜೆ ಊಟ ಹಗುರವಾಗಿರ್ಬೇಕು ಅಂತ?"

ಪಾಳಿಯಪ್ಪ ಹೌದೆಂದು ತಲೆಯಾಡಿಸಿದ. ತನ್ನ ಮಾತನ್ನೇ ಯಾರಾದರೂ ತಿರುಗಿ ಹೇಳಿದರೆ ಅವನಿಗೆ ಅದು ಸತ್ಯದ ಹಾಗೆ ಕೇಳಿಸುತ್ತಿತ್ತು.

ಗುರುವಾರ ಹೆಡ್ಮಾಸ್ತರ ಪಾಳಿ. ಜೀವಮಾನವಿಡೀ ಮಕ್ಕಳಿಗೆ ಪ್ರಾಮಾಣಿಕತೆಯ ಮೇಲೆ ಪ್ರಬಂಧ ಬರೆಸಿದ ಮನುಷ್ಯ. ಅವರು ದರ್ಜಿ ಕಳಿಸಿದ್ದನ್ನು ಜರಡಿ ಹಿಡಿದು, ಆಲೂಗಡ್ಡೆಯನ್ನು ತಾವೇ ತಿಂದು, ಉಳಿದ ನೀರಿಗೆ ನೀರು ಸೇರಿಸಿ ಹಂಚಿದರು. ಈಗ ಆ ಸೂಪಿನಲ್ಲಿ ಬೇಳೆಗಳು ಒಂದನ್ನೊಂದು ಹುಡುಕಿಕೊಂಡು ತಿರುಗುತ್ತಿದ್ದವು. ಕ್ಯಾರೆಟ್ಟಿನ ಒಂದು ಚೂರು ಯಾರ ಪಾಲಿಗೆ ಬಂತೋ ಅವರೇ ಆ ದಿನದ ಭಾಗ್ಯವಂತರು.

ಆದರೆ ಯಾರಾದರೂ ಬಾಯಿ ಬಿಟ್ಟರೇ? ಬಿಡುವುದು ಹೇಗೆ? ದರ್ಜಿಗೆ ತನ್ನ ನೀರಿನ ನೆನಪು. ಹೆಡ್ಮಾಸ್ತರಿಗೆ ಆಲೂಗಡ್ಡೆಯ ನೆನಪು. ಔಷಧಿಯವನೂ ವಿಮೆ ಅಮ್ಮನೂ ನಾಳೆ ನಾಳಿದ್ದು ತಾವೇನು ಮಾಡಲಿದ್ದೇವೆ ಎಂಬುದನ್ನು ಬಲ್ಲರು. ಹಾಗಾಗಿ ಸೂಪು ತೆಳುವಾದಷ್ಟೂ ಹೊಗಳಿಕೆ ಗಟ್ಟಿಯಾಯಿತು.

"ಎಂಥ ಹಗುರ ಸಾರ್!" ಎಂದ ಔಷಧಿಯವನು. "ಬೆಳಿಗ್ಗೆ ಎದ್ರೆ ತಲೆ ಗಿರ್ ಅಂತ ಸುತ್ತುತ್ತೆ. ಅಷ್ಟು ಹಗುರ!"

"ನನ್ನ ಸೀರೆ ಸಡಿಲ ಆಗಿದೆ," ಎಂದಳು ವಿಮೆ ಅಮ್ಮ. ಹೋಟೆಲಿನ ಪೊಟ್ಟಣದ ಎಣ್ಣೆ ಇನ್ನೂ ಅವಳ ಬೆರಳಲ್ಲಿ ಮಿನುಗುತ್ತಿತ್ತು.

ಪಾಳಿಯಪ್ಪ ಹಿಗ್ಗಿ ಹೀರೇಕಾಯಿಯಾಗಿ, ಶುಕ್ರವಾರ ಬೆಳಿಗ್ಗೆ ಹೆಡ್ಮಾಸ್ತರ ಸೂಪನ್ನು ಫ್ಲಾಸ್ಕಿನಲ್ಲಿ ಡಿಪೋಗೆ ಒಯ್ದು ಹಿರಿಯ ಡ್ರೈವರಿಗೆ ಕುಡಿಸಿದ. ಅವನು ಬಾಯಲ್ಲಿ ಹಿಡಿದು, ನುಂಗಿ, ಯೋಚಿಸಿ ಹೇಳಿದ: "ಒಳ್ಳೇದಿದೆ. ರೇಡಿಯೇಟರ್‌ಗೆ ಹಾಕಿದ್ರೆ ತುಕ್ಕು ಹಿಡಿಯಲ್ಲ."

"ನಿನಗೇನು ಗೊತ್ತು ಹಗುರ ಊಟದ ಬೆಲೆ!" ಎಂದು ಪಾಳಿಯಪ್ಪ ಅವನಿಗೆ ಅತಿ ದೂರದ ರೂಟು ಹಾಕಿದ.

ಇಷ್ಟಕ್ಕೇ ನಿಂತಿದ್ದರೆ ಕಟ್ಟಡದವರು ನೀರು ಕುಡಿದು ಸುಖವಾಗಿರುತ್ತಿದ್ದರು. ಆದರೆ ವಿಮೆ ಅಮ್ಮನಿಗೆ ನಗರಸಭೆಯ ಆರೋಗ್ಯ ಅಧಿಕಾರಿಗೆ ಒಂದು ವಿಮೆ ಮಾರಬೇಕಿತ್ತು. "ನಮ್ಮ ಕಟ್ಟಡದಲ್ಲಿ ಐದೂ ಮನೆಯವರು ಸಂಜೆ ಹಗುರವಾದ ಮನೆ ಅಡುಗೇನೇ ತಿನ್ನೋದು ಸಾರ್, ಪಾಳಿ ಮೇಲೆ!" ಎಂದು ಕೊಚ್ಚಿಕೊಂಡಳು. ಅಧಿಕಾರಿಗೆ ಮೇಲಿನಿಂದ ಆದೇಶ ಬಂದಿತ್ತು, ಊರಲ್ಲಿ ಒಂದು ಮಾದರಿ ಕಟ್ಟಡ ಹುಡುಕಿ ಎಂದು. ಹುಡುಕಲು ಕುರ್ಚಿಯಿಂದ ಏಳಬೇಕಿತ್ತು. ಮಾದರಿಯೇ ಕುರ್ಚಿಯ ಬಳಿ ಬಂದರೆ ಯಾರು ಬಿಡುತ್ತಾರೆ?

"ಇವತ್ತು ಸಂಜೇನೇ ಬರ್ತೀನಿ," ಎಂದ. "ಐದೂ ಮನೆಯವರು ನೀವು ನೀವು ಮಾಡಿದ ಅಡುಗೆ ಒಂದೊಂದು ಪಾತ್ರೆ ತಂದಿಡಿ. ರುಚಿ ನೋಡಿ ವರದಿ ಕಳಿಸ್ತೀನಿ."

ಸುದ್ದಿ ಕೇಳಿ ಪಾಳಿಯಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂದೇ ಹೆಂಡತಿಯ ಗಡುವೂ ಅಲ್ಲವೇ! ಸರಕಾರದ ಅಧಿಕಾರಿ ಬಂದು "ಇದು ಇವರು ಮಾಡಿದ್ದು" ಎಂದು ವರದಿ ಬರೆದರೆ, ಆಮೇಲೆ ಯಾವ ಹೆಂಡತಿ ಇಲ್ಲ ಎನ್ನುತ್ತಾಳೆ? ಒಲೆ ಹಚ್ಚುವ ಯೋಚನೆ ಆಗಲೂ ಅವನಿಗೆ ಬರಲಿಲ್ಲ. ಮಂಗಳವಾರ ತನಗೆಂದು ಎತ್ತಿಟ್ಟುಕೊಂಡಿದ್ದರ ತಳದಲ್ಲಿ ಒಂದು ಲೋಟ ಉಳಿದಿತ್ತು. ಅದಕ್ಕೆ ದರ್ಜಿಯ ಬುಧವಾರವನ್ನೂ ಹೆಡ್ಮಾಸ್ತರ ಗುರುವಾರವನ್ನೂ ಸೇರಿಸಿ ಪಾತ್ರೆ ತುಂಬಿಸಿದ.

ಶುಕ್ರವಾರ ಸಂಜೆ ಐದು ಪಾತ್ರೆಗಳು ಪಾಳಿಯಪ್ಪನ ಮೇಜಿನ ಮೇಲೆ ಸಾಲಾಗಿ ಕೂತವು. ಒಂದಕ್ಕೆ ಕಸೂತಿ ಹಾಕಿದ ಬಟ್ಟೆ, ಒಂದಕ್ಕೆ ತಟ್ಟೆ, ಒಂದಕ್ಕೆ ಗಾಜಿನ ಮುಚ್ಚಳ. ಅಧಿಕಾರಿ ಬೆಲ್ಟು ಸಡಿಲಿಸಿ, ಮಧ್ಯಾಹ್ನದಿಂದ ಹಸಿದುಕೊಂಡು ಬಂದ ಮನುಷ್ಯನ ಹಾಗೆ ಚಮಚ ಹಿಡಿದು ಕೂತ. ಹೆಂಡತಿಯೂ ಆಗ ತಾನೇ ಹಾಸ್ಟೆಲ್ಲಿನಿಂದ ಬಂದಿದ್ದಳು. ಬ್ಯಾಗನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ ಮೂಲೆಯ ಸ್ಟೂಲಿನ ಮೇಲೆ ಕೂತಳು.

"ಇದರಲ್ಲಿ ನಿಮ್ಮದು ಯಾವುದು?" ಎಂದು ಗಂಡನನ್ನು ಕೇಳಿದಳು.

"ಮೊದಲನೇದು. ನಿನ್ನ ಮುಂದೇನೇ ಸಾಹೇಬ್ರು ತಿಂತಾರೆ, ನೋಡ್ತಿರು."

ಅಧಿಕಾರಿ ಮೊದಲ ಮುಚ್ಚಳ ಎತ್ತಿದ. ಬಗ್ಗಿ ನೋಡಿದ. ಎರಡನೆಯದು ಎತ್ತಿದ. ಮೂರನೆಯದು ಎತ್ತಿದ. ಆಮೇಲೆ ಉಳಿದೆರಡನ್ನೂ ಒಟ್ಟಿಗೇ ಎತ್ತಿಬಿಟ್ಟ. ಐದೂ ಪಾತ್ರೆಗಳ ತಳ ಕಾಣುತ್ತಿತ್ತು. ತಳದಲ್ಲಿ ಪಾತ್ರೆ ಅಂಗಡಿಯವನು ಒತ್ತಿದ ಮುದ್ರೆಯನ್ನೂ ಓದಬಹುದಿತ್ತು.

"ಇದೇನ್ರೀ? ಪಾತ್ರೆ ತೊಳೆದ ನೀರಾ?"

"ಸೂಪು ಸಾರ್. ಹಗುರ," ಎಂದ ಪಾಳಿಯಪ್ಪ.

"ಐದೂ ಒಂದೇ ಅಲ್ವೇನ್ರೀ!"

"ನನ್ನದರಲ್ಲಿ ಆಲೂಗಡ್ಡೆ ಇತ್ತು ಸಾರ್!" ಎಂದು ದರ್ಜಿ ಮುಂದೆ ನುಗ್ಗಿದ. "ನಾನು ಕೈಯಾರೆ ಹಾಕಿದ್ದೆ! ಮೇಷ್ಟ್ರ ಮನೆಗೆ ಹೋದ್ಮೇಲೆ ಮಾಯ ಆಯ್ತು!"

"ಏಯ್, ನಾಲಿಗೆ ಬಿಗಿ ಹಿಡಿದು ಮಾತಾಡು!" ಎಂದರು ಹೆಡ್ಮಾಸ್ತರು. "ಆಲೂಗಡ್ಡೆ ಒಂದು ಹಾಕಿದ್ರೆ ಅಡುಗೆ ಆಯ್ತಾ? ಉಳಿದದ್ದೆಲ್ಲ ಪಾಳಿಯಪ್ಪನದೇ ತಾನೇ?"

"ನೀವು ನೀರು ಹಾಕ್ಲಿಲ್ವಾ ಮೇಷ್ಟ್ರೇ?"

"ನೀನು ಹಾಕಿದ ಬಿಂದಿಗೆ ಮುಂದೆ ನನ್ನದು ಲೋಟ!"

"ಮೇಷ್ಟ್ರು ಕಳಿಸಿದ್ದಕ್ಕೆ ನಾನು ನೀರೂ ಹಾಕಿಲ್ಲ, ಏನೂ ಹಾಕಿಲ್ಲ, ದೇವರಾಣೆ!" ಎಂದ ಔಷಧಿಯವನು, ಅದೊಂದು ಸಾಧನೆ ಎಂಬಂತೆ. ವಿಮೆ ಅಮ್ಮ ಮಾತ್ರ ಅಧಿಕಾರಿಯ ಕಡೆ ನೋಡಿ ಹಲ್ಲು ಕಿರಿದಳು. ವಿಮೆಗೆ ಇನ್ನೂ ಸಹಿ ಬಿದ್ದಿರಲಿಲ್ಲ.

"ತಡೀರಿ, ತಡೀರಿ," ಎಂದ ಅಧಿಕಾರಿ. "ಇಷ್ಟು ದಿನದಲ್ಲಿ ಒಬ್ಬರಾದ್ರೂ ಒಲೆ ಮೇಲೆ ಏನಾದ್ರೂ ಬೇಯಿಸಿದೀರಾ?"

"ನಾನು!" ಎಂದ ಪಾಳಿಯಪ್ಪ ಎದೆ ತಟ್ಟಿಕೊಂಡು. "ಮೂಲ ಸೂಪು ನನ್ನದು! ಇವರೆಲ್ಲ ನಕಲು, ಅಸಲು ನಾನು! ಮಂಗಳವಾರ ಮಾಡಿದ್ದು!"

"ಯಾವ ಒಲೆ ಮೇಲೆ ಮಾಡಿದ್ರಿ?" ಎಂದಳು ಹೆಂಡತಿ.

"ಇದೇ ಒಲೆ."

"ಅದರ ಗ್ಯಾಸು ನಾನು ಸೋಮವಾರವೇ ಬಂದ್ ಮಾಡಿದೀನಿ. ಇವತ್ತಿಗೂ ಬಂದಾಗೇ ಇದೆ. ಎಲ್ಲಿ ಆನ್ ಮಾಡ್ಬೇಕು, ತೋರ್ಸಿ ನೋಡೋಣ."

ಪಾಳಿಯಪ್ಪ ಒಲೆಯ ಕಡೆ ನೋಡಿದ, ಗೋಡೆಯ ಕಡೆ ನೋಡಿದ, ಸೂರಿನ ಕಡೆಯೂ ಒಂದು ಸಲ ನೋಡಿದ. ಅವನ ಮುಖ ಸೂಪಿನ ಬಣ್ಣಕ್ಕೆ ತಿರುಗಿತು.

"ಅದು ನಾನು ಭಾನುವಾರ ಮಾಡಿದ್ದು ಸಾರ್," ಎಂದಳು ಅಧಿಕಾರಿಗೆ. "ಹಳಸಿತ್ತು ಅಂತ ಚೆಲ್ಲಿದ್ರಂತೆ. ಇಡೀ ಕಟ್ಟಡ ವಾರವೆಲ್ಲ ಅದನ್ನೇ ತೊಳೆದು ಕುಡಿದಿದೆ."

ಇಲ್ಲಿ ಯಾರಿಗಾದರೂ ನಾಚಿಕೆಯಾಗುತ್ತದೆ ಎಂದು ನೀವು ಕಾಯುತ್ತಿದ್ದರೆ, ಇಂಥ ಕಟ್ಟಡದಲ್ಲಿ ನೀವು ವಾಸ ಮಾಡಿಲ್ಲ ಎಂದು ಅರ್ಥ.

"ಅಯ್ಯೋ, ಅಮ್ಮಾವ್ರು ಮಾಡಿದ್ದಾ!" ಎಂದರು ಹೆಡ್ಮಾಸ್ತರು, ಮುಖ ಅರಳಿಸಿಕೊಂಡು. "ಅದಕ್ಕೇ ಮಂಗಳವಾರದ್ದು ಅಷ್ಟು ಚೆನ್ನಾಗಿತ್ತು!"

"ನೀರು ಹಾಕಿದ್ರೂ ಹಾಗಿತ್ತು ಅಂದ್ರೆ ಹಾಕದೆ ಇದ್ರೆ ಹೇಗಿರ್ಬೇಡ!" ಎಂದ ದರ್ಜಿ.

"ಹಾಗಾದ್ರೆ ಇಷ್ಟೆಲ್ಲ ಪಾಳಿ ಯಾಕೆ?" ಎಂದ ಔಷಧಿಯವನು. "ಅಕ್ಕನೇ ದಿನಾ ಮಾಡ್ಲಿ. ಹೇಗೂ ಅಡುಗೆಯವರೇ. ಅಷ್ಟು ಜನ ನರ್ಸುಗಳಿಗೆ ಮಾಡೋ ಕೈಗೆ ಐದು ಮನೆ ಏನು ಲೆಕ್ಕ? ಬಿಸಿ ನಾವೇ ಮಾಡ್ಕೋತೀವಿ, ಅದರಲ್ಲಿ ಅಕ್ಕನಿಗೆ ತೊಂದರೆ ಕೊಡಲ್ಲ."

"ನಾನು ಅನುಮೋದಿಸ್ತೀನಿ," ಎಂದರು ಹೆಡ್ಮಾಸ್ತರು.

"ಮನೆ ಅಡುಗೆ, ಒಂದೇ ಕೈ, ಐದು ಕುಟುಂಬ," ಎಂದ ಅಧಿಕಾರಿ, ಬೆಲ್ಟು ನೇವರಿಸುತ್ತಾ. "ಇದು ವರದಿಗೂ ಚೆನ್ನಾಗಿ ಕೂತುಕೊಳ್ಳುತ್ತೆ. ಇವತ್ತಿಂದಾನೇ ಶುರು ಮಾಡಿ. ನಾನೂ ಹಸಿದಿದೀನಿ."

ಪಾಳಿಯಪ್ಪ ಮಾತ್ರ ಯೋಚನೆಯಲ್ಲಿ ಬಿದ್ದಿದ್ದ. ಹೆಂಡತಿಯ ಪರವಾಗಿ ಒಂದು ಮಾತು ಆಡುವ ಅವಕಾಶ ಮನುಷ್ಯನಿಗೆ ಇಷ್ಟು ಹತ್ತಿರ ಬಂದು ನಿಲ್ಲುವುದು ಅಪರೂಪ. ಅವನು ಗಂಟಲು ಸರಿಮಾಡಿಕೊಂಡ. ಹೆಂಡತಿ ಸ್ಟೂಲಿನ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿದಳು.

"ಆದ್ರೆ ಒಂದು ಮಾತು," ಎಂದ ಅವನು ಗಂಭೀರವಾಗಿ. "ಯಾವ ದಿನ ಏನು ಮಾಡ್ಬೇಕು ಅನ್ನೋ ಪಾಳಿ ಮಾತ್ರ ನಾನೇ ಹಾಕೋದು."

ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆಂಡತಿ ಎದ್ದಳು. ಮೊಳೆಯಿಂದ ಬ್ಯಾಗು ತೆಗೆದುಕೊಂಡಳು, ಒಳಗೆ ಹೋಗಿ ಇನ್ನೇನನ್ನೋ ತುರುಕಿಕೊಂಡು ಬಂದಳು, ಚಪ್ಪಲಿ ಮೆಟ್ಟಿ ಹೊರಟಳು.

"ನೋಡಿದ್ರಾ, ಸೊಪ್ಪು ತರಕಾರಿ ತರೋಕೆ ಹೊರಟೇ ಬಿಟ್ಲು," ಎಂದ ಪಾಳಿಯಪ್ಪ ಹೆಮ್ಮೆಯಿಂದ. "ಬಾಯಿ ಜೋರು ಅಷ್ಟೇ, ಮನಸ್ಸು ಬೆಣ್ಣೆ." ಕಿಟಕಿಗೆ ಓಡಿ ಕೂಗಿದ: "ಕ್ಯಾರೆಟ್ಟು ಎಳೇದು ನೋಡಿ ತಗೊಳ್ಳೇ!"

"ಆಲೂಗಡ್ಡೆ ಎರಡು ಜಾಸ್ತಿ ಇರ್ಲಿ ಅನ್ನಿ," ಎಂದರು ಹೆಡ್ಮಾಸ್ತರು.

ಕೆಳಗೆ ಬೀದಿಯಲ್ಲಿ ಅವಳು ತರಕಾರಿ ಅಂಗಡಿಯ ಮುಂದೆ ನಿಲ್ಲದೆ ನಡೆದಳು. ಬಸ್ಸೊಂದು ಬಂತು, ನಿಂತಿತು, ಹೊರಟಿತು. "ದೊಡ್ಡ ಮಾರ್ಕೆಟ್ಟಿಗೆ ಹೋದ್ಲು," ಎಂದು ಪಾಳಿಯಪ್ಪ ವಿವರಿಸಿದ. "ಅಲ್ಲಿ ತಾಜಾ ಸಿಗುತ್ತೆ."

ಎಲ್ಲರೂ ಚಮಚ ಹಿಡಿದು ಮೇಜಿನ ಸುತ್ತ ಕೂತರು. ಅವಳು ಬರುವಷ್ಟರಲ್ಲಿ ನೀರಾದರೂ ಕಾದಿರಲಿ ಎಂದು ಅಧಿಕಾರಿಯೇ ಗ್ಯಾಸಿನ ತಿರುಪು ಹುಡುಕಿ ತೋರಿಸಿಕೊಟ್ಟ. ಪಾಳಿಯಪ್ಪ ದೊಡ್ಡ ಪಾತ್ರೆ ತುಂಬಾ ನೀರಿಟ್ಟು ಒಲೆ ಹಚ್ಚಿದ. ನೀರು ಕುದಿಯಿತು. ದರ್ಜಿ ಕಿಟಕಿಗೆ ಹೋಗಿ ಬಂದ. ಔಷಧಿಯವನು ಕಿಟಕಿಗೆ ಹೋಗಿ ಬಂದ. ನೀರು ಕುದಿದು ಬತ್ತುತ್ತಾ ಬಂತು.

"ಇನ್ನೂ ಬರಲಿಲ್ವಲ್ರೀ?" ಎಂದ ಅಧಿಕಾರಿ.

"ಬರ್ತಾಳೆ ಸಾರ್, ಎಲ್ಲಿಗೆ ಹೋಗ್ತಾಳೆ," ಎಂದ ಪಾಳಿಯಪ್ಪ. ಎದ್ದು ಹೋಗಿ ಪಾತ್ರೆಗೆ ಇನ್ನೊಂದು ಬಿಂದಿಗೆ ನೀರು ಸುರಿದ.